ಪಟ್ಟಿಯ ತುಂಬ ಟಿಕ್, ಬಾಗಿಲು ಮಾತ್ರ ತೆರೆಯಲಿಲ್ಲ

ಪ್ರಶ್ನೆ: ನಮ್ಮದು ಮೂರು ಶಿಫ್ಟಿನ ಉತ್ಪಾದನಾ ಘಟಕ. ಪ್ರತಿ ಶಿಫ್ಟಿನ ಆರಂಭದಲ್ಲಿ 64 ಅಂಶಗಳ ಸುರಕ್ಷತಾ ಚೆಕ್‌ಲಿಸ್ಟ್ ತುಂಬಬೇಕು, ಅದಕ್ಕೆ 20 ನಿಮಿಷ ಕೊಟ್ಟಿದ್ದೇವೆ. ಕಳೆದ 90 ದಿನಗಳ ಹಾಳೆಗಳನ್ನು ತೆಗೆದು ನೋಡಿದರೆ ಶೇ. 100 ಭರ್ತಿ, ಎಲ್ಲವೂ 'ಸರಿ'. ಆದರೆ ಮೊನ್ನೆ ಬೆಂಕಿ ಅವಘಡದ ಅಣಕು ಕಾರ್ಯಾಚರಣೆ ನಡೆದಾಗ ಹಿಂಬದಿಯ ತುರ್ತು ಬಾಗಿಲು ತೆರೆಯಲೇ ಇಲ್ಲ. ಅದೇ ಬೆಳಿಗ್ಗೆ ಅದರ ಮುಂದೆ ಟಿಕ್ ಬಿದ್ದಿತ್ತು. ಬಾಗಿಲಿನ ಬಗ್ಗೆ ಇನ್ನೂ ನಾಲ್ಕು ಅಂಶ ಸೇರಿಸಿ, ಮೇಲ್ವಿಚಾರಕರ ಎರಡನೇ ಸಹಿ ಕಡ್ಡಾಯ ಮಾಡಿ, ಟಿಕ್ ಹಾಕಿದವನ ಮೇಲೆ ಕ್ರಮ ಕೈಗೊಳ್ಳಿ ಎಂದು ಮೇಲಿನವರು ಹೇಳುತ್ತಿದ್ದಾರೆ. ಇದರಿಂದ ಸರಿಹೋಗುತ್ತದೆಯೇ?

ಉತ್ತರ: ಇಲ್ಲ, ಸರಿಹೋಗುವುದಿಲ್ಲ. ಮೊದಲ ಎರಡು ಕ್ರಮಗಳು ಈಗಿರುವ ಕಾಟಾಚಾರವನ್ನು ಹೆಚ್ಚಿಸುತ್ತವೆ. ಮೂರನೆಯದು ಇನ್ನು ಮುಂದೆ ಯಾರೂ ನಿಮಗೆ ನಿಜ ಹೇಳದಂತೆ ಮಾಡುತ್ತದೆ. ಕಾರಣಗಳಿಗೆ ಬರುವ ಮುಂಚೆ ಒಂದು ಮಾತು: ಆ ಬಾಗಿಲನ್ನು ಇವತ್ತೇ ರಿಪೇರಿ ಮಾಡಿಸಿ, ಉಳಿದ ತುರ್ತು ಬಾಗಿಲುಗಳನ್ನೆಲ್ಲ ನೀವೇ ಖುದ್ದಾಗಿ ತಳ್ಳಿ ನೋಡಿ. ಪಟ್ಟಿಯ ಸುಧಾರಣೆಗೆ ವಾರಗಳು ಹಿಡಿಯುತ್ತವೆ, ಬಾಗಿಲು ಅಷ್ಟು ದಿನ ಕಾಯಬಾರದು.

ಒಂದು ಟಿಕ್ ಹಾಕಲು ಅರ್ಧ ಸೆಕೆಂಡ್ ಸಾಕು. ಬಾಗಿಲ ತನಕ ನಡೆದು, ತಳ್ಳಿ, ತೆರೆದು ನೋಡಿ ಬಂದವನೂ ಅರ್ಧ ಸೆಕೆಂಡಿನಲ್ಲಿ ಟಿಕ್ ಹಾಕುತ್ತಾನೆ. ಕುರ್ಚಿಯಿಂದ ಏಳದವನಿಗೂ ಅಷ್ಟೇ ಸಮಯ ಸಾಕು. ಹಾಳೆಯ ಮೇಲೆ ಎರಡಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಈಗ 'ಸರಿ ಇಲ್ಲ' ಎಂದು ಬರೆದವನ ಪಾಡು ನೋಡಿ. ಷರಾ ಬರೆಯಬೇಕು, ಮೇಲ್ವಿಚಾರಕರಿಗೆ ಫೋನ್ ಮಾಡಬೇಕು, ನಿರ್ವಹಣಾ ವಿಭಾಗಕ್ಕೆ ಬೇರೆ ಫಾರಂ ತುಂಬಬೇಕು, ಶಿಫ್ಟ್ ತಡವಾಗಿದ್ದಕ್ಕೆ ಸಮಜಾಯಿಷಿ ಕೊಡಬೇಕು. ಮರುದಿನ 'ನಿನ್ನ ಪಾಳಿಯಲ್ಲೇ ಯಾಕೆ ಇದೆಲ್ಲ ಬರುತ್ತದೆ' ಎಂಬ ಮಾತನ್ನೂ ಕೇಳಬೇಕು. ಸುಳ್ಳು 'ಸರಿ' ಪುಕ್ಕಟೆಯಾಗಿ ಸಿಗುತ್ತದೆ, ನಿಜವಾದ 'ಸರಿ ಇಲ್ಲ' ಬಲು ದುಬಾರಿ. ಇಂಥ ಏರ್ಪಾಡಿನಲ್ಲಿ ಪ್ರಾಮಾಣಿಕರೂ ಕೆಲವೇ ವಾರಗಳಲ್ಲಿ ದಾರಿ ಬದಲಿಸುತ್ತಾರೆ. ಹೀಗಾಗಿ ನಿಮ್ಮ ಸಿಬ್ಬಂದಿಯ ಶಿಸ್ತಿನ ಬಗ್ಗೆ ಈಗಲೇ ತೀರ್ಪು ಕೊಡಬೇಡಿ. ಈ ಎರಡು ಬೆಲೆಗಳನ್ನು ಅದಲುಬದಲು ಮಾಡುವುದೇ ನಿಮ್ಮ ಮುಂದಿರುವ ಕೆಲಸ. ಸುಳ್ಳು 'ಸರಿ' ಬರೆಯುವುದು ನಿಜವಾಗಿ ನೋಡಿ ಬರುವುದಕ್ಕಿಂತ ಕಷ್ಟವಾಗಬೇಕು, 'ಸರಿ ಇಲ್ಲ' ಎನ್ನುವುದು ಸಲೀಸಾಗಬೇಕು.

ನಿಮ್ಮ ಪಟ್ಟಿ ಎಷ್ಟು ಸುಳ್ಳು ಹೇಳುತ್ತಿದೆ ಎಂಬುದನ್ನು ಮೊದಲು ಅಳೆಯಿರಿ. ಇದಕ್ಕೆ ಹೊರಗಿನ ಸಲಹೆಗಾರರ ಅಗತ್ಯವಿಲ್ಲ, ಒಂದು ಗಡಿಯಾರ ಮತ್ತು ಹಳೆಯ ಹಾಳೆಗಳ ಕಟ್ಟು ಸಾಕು.

ಗಡಿಯಾರ ಹಿಡಿದು 64 ಅಂಶಗಳನ್ನೂ ನೀವೇ ಒಮ್ಮೆ ಪ್ರಾಮಾಣಿಕವಾಗಿ ಮುಗಿಸಿ. ಒಂದೊಂದಕ್ಕೆ ಸರಾಸರಿ 40 ಸೆಕೆಂಡ್ ಹಿಡಿದರೂ 42 ನಿಮಿಷ 40 ಸೆಕೆಂಡ್ ಆಗುತ್ತದೆ. ಯಂತ್ರದಿಂದ ಯಂತ್ರಕ್ಕೆ ನಡೆಯುವ ಹೊತ್ತು ಬೇರೆ. ನೀವು ಕೊಟ್ಟಿರುವುದು 20 ನಿಮಿಷ. ಅಂದರೆ ಅರ್ಧಕ್ಕೂ ಹೆಚ್ಚು ಟಿಕ್‌ಗಳನ್ನು ನೋಡದೆ ಹಾಕಲೇಬೇಕು ಎಂದು ನಿಮ್ಮ ವೇಳಾಪಟ್ಟಿಯೇ ಹೇಳುತ್ತಿದೆ. ಇದನ್ನು ಮೇಲಿನವರಿಗೆ ಬರವಣಿಗೆಯಲ್ಲಿ ತೋರಿಸಿ. ಬಾಗಿಲಿನ ಬಗ್ಗೆ ನಾಲ್ಕು ಅಂಶ ಸೇರಿಸಿ 68 ಮಾಡಿದರೆ ಸಮಯ 20 ನಿಮಿಷವೇ ಇರುತ್ತದೆ, ನೋಡದೆ ಹಾಕುವ ಟಿಕ್‌ಗಳಿಗೆ ಇನ್ನು ನಾಲ್ಕು ಸೇರುತ್ತವೆ.

ಮುಂದಿನದು 'ಸರಿ ಇಲ್ಲ'ಗಳ ಲೆಕ್ಕ. 90 ದಿನ, ದಿನಕ್ಕೆ ಮೂರು ಶಿಫ್ಟ್, 64 ಅಂಶ. ಒಟ್ಟು 17,280 ನಮೂದುಗಳಲ್ಲಿ ಒಂದೂ 'ಸರಿ ಇಲ್ಲ' ಇಲ್ಲ. ಸಾವಿರ ಸಲ ನೋಡಿದರೆ ಒಂದು ಸಲ ಮಾತ್ರ ದೋಷ ಸಿಗುವಷ್ಟು ಸುಸ್ಥಿತಿಯಲ್ಲಿ ನಿಮ್ಮ ಘಟಕವಿದೆ ಎಂದುಕೊಳ್ಳಿ. ಆಗಲೂ ಸುಮಾರು 17 ದೋಷಗಳು ದಾಖಲಾಗಬೇಕಿತ್ತು. ದೋಷಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬರುತ್ತವೆ ಎಂದು ಹಿಡಿದರೆ, ಒಂದೂ ಬಾರದಿರುವ ಸಾಧ್ಯತೆ ಮೂರು ಕೋಟಿಗೆ ಒಂದರಷ್ಟು. ಶೇ. 100 'ಸರಿ' ಎಂಬ ಫಲಿತಾಂಶ ಬಂದಾಗಲೇ ಅನುಮಾನ ಹುಟ್ಟಬೇಕಿತ್ತು. ಮೂರು ತಿಂಗಳು ಅದು ಯಾರಿಗೂ ಹುಟ್ಟಲಿಲ್ಲ ಎಂದರೆ ಆ ಹಾಳೆಗಳನ್ನು ಯಾರೂ ಓದುತ್ತಿರಲಿಲ್ಲ. ತುಂಬುವವರಿಗೆ ಅದು ಚೆನ್ನಾಗಿ ಗೊತ್ತಿರುತ್ತದೆ.

ಅಂಕಿ ಬರೆಯುವ ಕಲಂಗಳಿದ್ದರೆ ಕೊನೆಯ ಅಂಕೆಗಳನ್ನು ಎಣಿಸಿ. ಉದಾಹರಣೆಗೆ, ಪಾದರಸದ ರಕ್ತದೊತ್ತಡ ಮಾಪಕದಲ್ಲಿ ಗೆರೆಗಳು 2 ಮಿಲಿಮೀಟರಿಗೊಂದರಂತೆ ಇರುತ್ತವೆ. ಆದ್ದರಿಂದ ಕೊನೆಯ ಅಂಕೆ 0, 2, 4, 6, 8 ಇವುಗಳಲ್ಲಿ ಪ್ರತಿಯೊಂದೂ ಸರಿಸುಮಾರು ಶೇ. 20ರಷ್ಟು ಸಲ ಬರಬೇಕು. ದಾಖಲೆಯಲ್ಲಿ ಅರ್ಧಕ್ಕರ್ಧ 0 ಬಂದಿದ್ದರೆ ಓದಿದವರು ಅಂದಾಜಿನಲ್ಲಿ ಬರೆದಿದ್ದಾರೆ, ಇಲ್ಲವೇ ಓದಿಯೇ ಇಲ್ಲ. ನಿಮ್ಮ ಒತ್ತಡ ಮಾಪಕ, ತಾಪಮಾನದ ಕಲಂಗಳಿಗೂ ಇದೇ ಪರೀಕ್ಷೆ ಸಲ್ಲುತ್ತದೆ. ಏಳು ದಿನ ಒಂದೇ ಸಂಖ್ಯೆ ಮಕ್ಕೀಕಾಮಕ್ಕಿ ಇಳಿದಿದೆಯೇ, ಇಡೀ ವಾರದ ಹಾಳೆಗಳು ಒಂದೇ ಪೆನ್ನಿನಲ್ಲಿ ಒಂದೇ ಓರೆಯಲ್ಲಿ ತುಂಬಿವೆಯೇ, ಯಂತ್ರ ನಿಂತಿದ್ದ ದಿನವೂ ಅದರ ತಾಪಮಾನ 62 ಡಿಗ್ರಿ ಎಂದು ದಾಖಲಾಗಿದೆಯೇ ಎಂದು ನೋಡಿ. ಕೊನೆಯದು ಸಿಕ್ಕರೆ ಬೇರೆ ಪುರಾವೆ ಬೇಡ.

ಹಾಳೆ ಬಿಟ್ಟು ನೆಲದ ಮೇಲಿನ ಸ್ಥಿತಿ ತಿಳಿಯಲು ಇಬ್ಬರನ್ನು ಬೇರೆ ಬೇರೆಯಾಗಿ, ಒಬ್ಬರ ಫಲಿತಾಂಶ ಇನ್ನೊಬ್ಬರಿಗೆ ತಿಳಿಯದಂತೆ ಕಳಿಸಿ. ಮೊದಲನೆಯವರಿಗೆ 12 ದೋಷ, ಎರಡನೆಯವರಿಗೆ 10 ಸಿಕ್ಕು, ಅವುಗಳಲ್ಲಿ 6 ಇಬ್ಬರಿಗೂ ಸಿಕ್ಕಿವೆ ಎನ್ನೋಣ. 12ನ್ನು 10ರಿಂದ ಗುಣಿಸಿ 6ರಿಂದ ಭಾಗಿಸಿದರೆ 20. ಘಟಕದಲ್ಲಿ ಸುಮಾರು 20 ದೋಷಗಳಿವೆ, ಇಬ್ಬರೂ ಸೇರಿ ಕಂಡದ್ದು 16, ಸುಮಾರು ನಾಲ್ಕು ಇಬ್ಬರ ಕಣ್ಣಿಗೂ ಬಿದ್ದಿಲ್ಲ. ಕೆರೆಯ ಮೀನುಗಳನ್ನು ಹಿಡಿದು, ಗುರುತು ಹಾಕಿ ಬಿಟ್ಟು, ಮತ್ತೆ ಹಿಡಿದು ಎಣಿಸುವವರು ಬಳಸುವ ಲೆಕ್ಕವೇ ಇದು. ಇಬ್ಬರೂ ಸುಲಭವಾಗಿ ಕಾಣುವುದನ್ನಷ್ಟೇ ಕಂಡಿದ್ದರೆ ನಿಜವಾದ ಸಂಖ್ಯೆ 20ಕ್ಕಿಂತ ಹೆಚ್ಚೇ ಇರುತ್ತದೆ.

ಈಗ ಕಾಟಾಚಾರದ ಒಳಗುಟ್ಟಿಗೆ ಬರೋಣ. ನೋಡದೆ ಟಿಕ್ ಹಾಕುವವರೆಲ್ಲ ಸೋಮಾರಿಗಳು ಎಂಬ ತಿಳುವಳಿಕೆ ತಪ್ಪು. ಜೀವ ಪಣಕ್ಕಿರುವ ಕಡೆ, ನುರಿತವರೂ ಇದಕ್ಕೆ ಬಲಿಯಾಗಿದ್ದಾರೆ. 1982ರ ಜನವರಿ 13ರಂದು ವಾಷಿಂಗ್ಟನ್ ವಿಮಾನ ನಿಲ್ದಾಣದಲ್ಲಿ ಹಿಮ ಸುರಿಯುತ್ತಿತ್ತು. ಏರ್ ಫ್ಲೋರಿಡಾದ ಬೋಯಿಂಗ್ 737ರ ಕಾಕ್‌ಪಿಟ್‌ನಲ್ಲಿ ಸಹ ಪೈಲಟ್ ಚೆಕ್‌ಲಿಸ್ಟ್ ಓದುತ್ತಿದ್ದರು, ಕ್ಯಾಪ್ಟನ್ ಉತ್ತರ ಹೇಳುತ್ತಿದ್ದರು. ಎಂಜಿನ್ನಿನ ಹಿಮನಿರೋಧಕದ ಸರದಿ ಬಂದಾಗ ಕ್ಯಾಪ್ಟನ್ ಕೊಟ್ಟ ಉತ್ತರ 'ಆಫ್'. ಬೆಚ್ಚಗಿನ ಊರುಗಳ ನಡುವೆ ಹಾರುವಾಗ ಅದೇ ಸರಿಯಾದ ಉತ್ತರ. ನೂರಾರು ಸಲ ಹೇಳಿ ನಾಲಿಗೆಗೆ ಹತ್ತಿದ್ದ ಉತ್ತರ ಹಿಮದ ನಡುವೆಯೂ ತಾನಾಗಿ ಬಂತು. ಪಟ್ಟಿ ಪೂರ್ತಿಯಾಯಿತು. ಎಂಜಿನ್ನಿನ ಮುಂಭಾಗದಲ್ಲಿ ಒತ್ತಡ ಅಳೆಯುವ ಕೊಳವೆ ಹಿಮದಿಂದ ಮುಚ್ಚಿತ್ತು. ಅದರಿಂದ ಎಂಜಿನ್ ಶಕ್ತಿಯ ಮಾಪಕ 2.04 ಎಂದು ತೋರಿಸುತ್ತಿದ್ದಾಗ ನಿಜವಾದ ಶಕ್ತಿ 1.70ರ ಆಸುಪಾಸಿನಲ್ಲಿತ್ತು. ರನ್‌ವೇ ಮೇಲಿನ ಓಟದ ಮಧ್ಯೆ ಇದು ಸರಿಯಿಲ್ಲ ಎಂದು ಸಹ ಪೈಲಟ್ ಹೇಳಿದ್ದು ಧ್ವನಿಮುದ್ರಣದಲ್ಲಿದೆ. ಮಾಪಕ ಮಾತ್ರ ಎಲ್ಲ ಸರಿಯಿದೆ ಎನ್ನುತ್ತಿತ್ತು, ಹಾರಾಟ ಮುಂದುವರಿಯಿತು. ವಿಮಾನ ಸೇತುವೆಗೆ ಬಡಿದು ಪೊಟೊಮ್ಯಾಕ್ ನದಿಗೆ ಬಿತ್ತು. ವಿಮಾನದಲ್ಲಿದ್ದ 74 ಮಂದಿ, ಸೇತುವೆಯ ಮೇಲಿದ್ದ 4 ಮಂದಿ ಸತ್ತರು.

2008ರ ಆಗಸ್ಟ್ 20ರಂದು ಮ್ಯಾಡ್ರಿಡ್‌ನಲ್ಲಿ ಬಿದ್ದ ಸ್ಪ್ಯಾನ್‌ಏರ್ ವಿಮಾನದ ಕಥೆಯೂ ಇದಕ್ಕೆ ಹತ್ತಿರದ್ದು. ವಿಮಾನ ಮೇಲೇರಲು ನೆರವಾಗುವ, ರೆಕ್ಕೆಯ ಹಿಂಬದಿಯ ಫ್ಲ್ಯಾಪ್‌ಗಳು ಬಿಚ್ಚಿರಲೇ ಇಲ್ಲ. ಆದರೂ ಕೊನೆಯ ಪರಿಶೀಲನೆಯಲ್ಲಿ ಸಹ ಪೈಲಟ್ ಇರಬೇಕಾದ ಅಂಕಿಗಳನ್ನು ಸರಾಗವಾಗಿ ಹೇಳಿ ಮುಗಿಸಿದರು. 172 ಮಂದಿಯಲ್ಲಿ 154 ಮಂದಿ ಉಳಿಯಲಿಲ್ಲ. ಅಲ್ಲಿದ್ದವರು ಸೋಮಾರಿಗಳಲ್ಲ, ದಾಖಲೆ ತಿದ್ದಿದವರೂ ಅಲ್ಲ. ಪದೇ ಪದೇ ಒಂದೇ ಪ್ರಶ್ನೆಗೆ ಒಂದೇ ಉತ್ತರ ಬರುತ್ತಿದ್ದರೆ ಮನಸ್ಸು ನೋಡುವುದನ್ನು ಬಿಟ್ಟು ನಿರೀಕ್ಷಿಸಿದ್ದನ್ನೇ ಓದುತ್ತದೆ. ನಿಮ್ಮ ಬಾಗಿಲ ಮುಂದೆ ಟಿಕ್ ಹಾಕಿದವನು ಬಹುಶಃ ದೂರದಿಂದ ಅದರತ್ತ ಕಣ್ಣು ಹಾಯಿಸಿದ್ದ. ಅಲ್ಲಿ ಬಾಗಿಲು ಇತ್ತು, ನೂರಾರು ಸಲ ಇದ್ದ ಹಾಗೇ ಇತ್ತು.

ಇದನ್ನು ಓದಿ ಚೆಕ್‌ಲಿಸ್ಟನ್ನೇ ಬಿಡಬೇಕೆಂದು ತಿಳಿಯಬೇಡಿ. ಒಳ್ಳೆಯ ಪಟ್ಟಿ ಜೀವ ಉಳಿಸುತ್ತದೆ. ಅಮೆರಿಕದ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ತೀವ್ರ ನಿಗಾ ಘಟಕಗಳಲ್ಲಿ, ದೊಡ್ಡ ರಕ್ತನಾಳಕ್ಕೆ ಕೊಳವೆ ಹಾಕುವಾಗ ಐದೇ ಐದು ಕೆಲಸ ತಪ್ಪಬಾರದು ಎಂದು ನಿಗದಿ ಮಾಡಿದರು. ಕೈ ತೊಳೆಯುವುದು, ಪೂರ್ತಿ ರಕ್ಷಣಾ ಹೊದಿಕೆ ಬಳಸುವುದು, ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕದಿಂದ ಚರ್ಮ ಶುಚಿ ಮಾಡುವುದು, ಸಾಧ್ಯವಿದ್ದರೆ ತೊಡೆಸಂದಿನ ರಕ್ತನಾಳ ಬಿಡುವುದು, ಬೇಡವಾದ ಕೊಳವೆಯನ್ನು ತೆಗೆದುಹಾಕುವುದು. 2006ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸಾವಿರ ಕೊಳವೆ-ದಿನಗಳಿಗೆ (ಒಬ್ಬ ರೋಗಿಗೆ ಒಂದು ದಿನ ಕೊಳವೆ ಇದ್ದರೆ ಒಂದು ಕೊಳವೆ-ದಿನ) ಸರಾಸರಿ 7.7ರಷ್ಟಿದ್ದ ರಕ್ತದ ಸೋಂಕು 16-18 ತಿಂಗಳಲ್ಲಿ 1.4ಕ್ಕೆ ಇಳಿಯಿತು. ಅಲ್ಲಿ ಪಟ್ಟಿಯ ಜೊತೆ ಇನ್ನೊಂದು ಏರ್ಪಾಡಿತ್ತು: ವೈದ್ಯರು ಒಂದು ಹೆಜ್ಜೆ ಬಿಟ್ಟರೆ ನರ್ಸ್ ಕೆಲಸ ನಿಲ್ಲಿಸಬಹುದಿತ್ತು. ಬೇಕಾದ ಸಾಮಾನೆಲ್ಲ ಒಂದೇ ಗಾಡಿಯಲ್ಲಿ ಸಿಗುವಂತೆಯೂ ಮಾಡಿದ್ದರು. ಸರಿಯಾದ ಕೆಲಸ ಸುಲಭವಾಗಿತ್ತು, 'ನಿಲ್ಲಿಸಿ' ಎನ್ನುವುದಕ್ಕೆ ಅಧಿಕಾರವಿತ್ತು.

ಇದರ ಪಕ್ಕದಲ್ಲಿ ಶಸ್ತ್ರಚಿಕಿತ್ಸೆಯ ಪಟ್ಟಿಯನ್ನಿಟ್ಟು ನೋಡಿ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ 19 ಅಂಶಗಳ ಪಟ್ಟಿಯನ್ನು ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಪ್ರಯೋಗಿಸಿದಾಗ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ, ತೊಡಕುಗಳು ಶೇ. 11ರಿಂದ 7ಕ್ಕೆ ಇಳಿದವು. ಕೆನಡಾದ ಒಂಟಾರಿಯೊ ಪ್ರಾಂತ್ಯ 2010ರಲ್ಲಿ ಇಂಥ ಪಟ್ಟಿಯ ಪಾಲನೆಯ ವರದಿ ಕೊಡುವುದನ್ನು ಆಸ್ಪತ್ರೆಗಳಿಗೆ ಕಡ್ಡಾಯ ಮಾಡಿತು. ಶೇ. 92ರಿಂದ 100ರಷ್ಟು ಪಾಲಿಸುತ್ತಿದ್ದೇವೆ ಎಂದು ಆಸ್ಪತ್ರೆಗಳು ತಾವೇ ವರದಿ ಕೊಟ್ಟವು. 101 ಆಸ್ಪತ್ರೆಗಳ ದಾಖಲೆಗಳನ್ನು ಪಟ್ಟಿ ಬರುವ ಮುಂಚಿನ ಮೂರು ತಿಂಗಳು, ಬಂದ ನಂತರದ ಮೂರು ತಿಂಗಳು ಎಂದು ಹೋಲಿಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಸಾವಿನ ಪ್ರಮಾಣ ಶೇ. 0.71ರಿಂದ 0.65ಕ್ಕೆ ಬಂದಿತ್ತು. ಕಾಕತಾಳೀಯ ಏರಿಳಿತದಿಂದ ಬೇರ್ಪಡಿಸಿ ಹೇಳುವಷ್ಟು ದೊಡ್ಡ ಇಳಿಕೆ ಅದಲ್ಲ. ಅಲ್ಲಿ ಸಾವು ಮೊದಲೇ ಕಡಿಮೆಯಿತ್ತು, ಮೂರು ತಿಂಗಳು ಅಲ್ಪ ಅವಧಿ ಎಂಬ ವಾದಗಳನ್ನು ತಳ್ಳಿಹಾಕುವಂತಿಲ್ಲ. ಎಂಟು ಆಸ್ಪತ್ರೆಗಳ ಅಧ್ಯಯನದಲ್ಲೂ ಹೋಲಿಕೆಗೆ ಪಟ್ಟಿಯಿಲ್ಲದ ಬೇರೆ ಆಸ್ಪತ್ರೆಗಳಿರಲಿಲ್ಲ. ಆದರೂ ನನಗೆ ಮುಖ್ಯವಾಗಿ ಕಾಣುವುದು ಶೇ. 92-100 ಎಂಬ ಅಂಕಿ. ಪಾಲನೆಯ ವರದಿ ಎಷ್ಟೇ ತುಂಬಿದ್ದರೂ ಅದು ರೋಗಿಗೆ ಏನಾಯಿತು ಎಂಬುದನ್ನು ಹೇಳಲಿಲ್ಲ. ನಿಮ್ಮ ಶೇ. 100 ಭರ್ತಿಯೂ ಬಾಗಿಲ ಬಗ್ಗೆ ಏನೂ ಹೇಳಲಿಲ್ಲ.

ಹಾಗಾಗಿ ಭರ್ತಿಯ ಶೇಕಡಾವಾರು ಲೆಕ್ಕವನ್ನು ನಿಮ್ಮ ಮಾಸಿಕ ವರದಿಯಿಂದ ತೆಗೆದುಹಾಕಿ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಸಂದರ್ಭದಲ್ಲಿ ಗುರುತಿಸಿದ ಸಂಗತಿಯನ್ನು ಮಾನವಶಾಸ್ತ್ರಜ್ಞೆ ಮ್ಯಾರಿಲಿನ್ ಸ್ಟ್ರಾಥರ್ನ್ 1997ರಲ್ಲಿ ಎಲ್ಲರಿಗೂ ಅರ್ಥವಾಗುವಂತೆ ಹೇಳಿದರು: ಅಳತೆಯೇ ಗುರಿಯಾದಾಗ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ. ಇದನ್ನು ಎಲ್ಲ ಗುರಿಗಳಿಗೂ ಹಚ್ಚಬಾರದು. ಇಂಗ್ಲೆಂಡಿನ ತುರ್ತು ಚಿಕಿತ್ಸಾ ವಿಭಾಗಗಳಿಗೆ ನಾಲ್ಕು ಗಂಟೆಯೊಳಗೆ ರೋಗಿಯನ್ನು ನೋಡಿ ಮುಗಿಸಬೇಕೆಂಬ ಗುರಿ ಕೊಟ್ಟಾಗ, ಗಡುವು ಮುಗಿಯುವ ಕೊನೆಯ ನಿಮಿಷಗಳಲ್ಲಿ ರೋಗಿಗಳು ದಂಡುಗಟ್ಟಿ ವಾರ್ಡಿಗೆ ದಾಖಲಾಗುತ್ತಿದ್ದುದು ಕಂಡುಬಂತು. ಆದರೂ ಆ ಗುರಿಯಿಂದ ಕಾಯುವಿಕೆ ಕಡಿಮೆಯಾಯಿತು, ಸಾವುಗಳೂ ಇಳಿದವು ಎಂದು 2018ರ ಒಂದು ವಿಶ್ಲೇಷಣೆ ತೋರಿಸಿತು. ಗಡಿಯಾರವನ್ನು ಅಲ್ಲಿ ಪೂರ್ತಿ ವಂಚಿಸಲಾಗುತ್ತಿರಲಿಲ್ಲ. ಗುರಿ ಮುಟ್ಟಬೇಕಾದರೆ ಬಹುಪಾಲು ರೋಗಿಗಳನ್ನು ನಿಜವಾಗಿ ಬೇಗ ನೋಡಲೇಬೇಕಿತ್ತು. ಭರ್ತಿಯ ಶೇಕಡಾವಾರಿಗೆ ಅಂಥ ಬಿಗಿ ಇಲ್ಲ, ಪೆನ್ನೊಂದಿದ್ದರೆ 100 ಮುಟ್ಟಬಹುದು. ಅದರ ಬದಲು ತಿಂಗಳಿಗೆ ಎಷ್ಟು ದೋಷ ಪತ್ತೆಯಾದವು, ಪತ್ತೆಯಾದದ್ದು ಎಷ್ಟು ಗಂಟೆಯಲ್ಲಿ ಸರಿಯಾಯಿತು, ಪಟ್ಟಿಯಲ್ಲಿ 'ಸರಿ' ಎಂದಿದ್ದೂ ಮರುಪರೀಕ್ಷೆಯಲ್ಲಿ ಕೆಟ್ಟಿದ್ದು ಎಷ್ಟು ಎಂಬ ಮೂರನ್ನು ಒಟ್ಟಿಗೆ ಇಡಿ. ಮೊದಲನೆಯದನ್ನು ಮಾತ್ರ ಗುರಿ ಮಾಡಿದರೆ ಚಿಲ್ಲರೆ ದೋಷಗಳ ರಾಶಿ ಬೀಳುತ್ತದೆ. ಮೂರನೆಯದು ಅದನ್ನು ಹಿಡಿತದಲ್ಲಿಡುತ್ತದೆ.

ಪಟ್ಟಿಯನ್ನು ಕತ್ತರಿಸುವ ಕೆಲಸಕ್ಕೆ ಅರ್ಧ ದಿನ ಮೀಸಲಿಡಿ. ಕೋಣೆಯಲ್ಲಿ ಪಟ್ಟಿ ತುಂಬುವ ಇಬ್ಬರು ಕಾರ್ಮಿಕರು, ಒಬ್ಬ ನಿರ್ವಹಣಾ ತಂತ್ರಜ್ಞ ಇರಲೇಬೇಕು. ಒಂದೊಂದು ಅಂಶದ ಬಗ್ಗೆಯೂ ಕೇಳಿ: ಇದು ಕೆಟ್ಟಿದ್ದರೆ ಯಾರಿಗೆ, ಎಷ್ಟು ಬೇಗ ಏಟು ಬೀಳುತ್ತದೆ? ಪಟ್ಟಿ ಇಲ್ಲದಿದ್ದರೂ ಕೆಲಸ ಮಾಡುವಾಗ ಇದು ತಾನಾಗಿ ಗೊತ್ತಾಗುತ್ತದೆಯೇ? ಎಂಟು ಗಂಟೆಯಲ್ಲಿ ಇದು ಬದಲಾಗುತ್ತದೆಯೇ? ನೋಡುವವನಿಗೆ ಇದರ ಬಗ್ಗೆ ಏನಾದರೂ ಮಾಡುವ ಶಕ್ತಿ ಇದೆಯೇ? ದೀಪ ಉರಿಯದಿದ್ದರೆ ಎಲ್ಲರಿಗೂ ಕಾಣುತ್ತದೆ, ಅದು ಪಟ್ಟಿಗೆ ಬೇಡ. ಬೆಂಕಿ ನಂದಿಸುವ ಸಿಲಿಂಡರಿನ ತೂಕ ಎಂಟು ಗಂಟೆಗೊಮ್ಮೆ ಬದಲಾಗುವುದಿಲ್ಲ, ಅದಕ್ಕೆ ದಿನದ ಪಟ್ಟಿಯಲ್ಲಿ ಜಾಗವಿಲ್ಲ. ತುರ್ತು ಬಾಗಿಲ ಹೊರಗೆ ಯಾರೋ ಸರಕು ಇಟ್ಟು ಹೋಗುವುದು ಯಾವ ಗಳಿಗೆಯಲ್ಲಾದರೂ ಆಗಬಹುದು, ಬೇರೆ ಯಾರಿಗೂ ಕಾಣುವುದಿಲ್ಲ. ಅದು ಪ್ರತಿ ಶಿಫ್ಟಿಗೂ ಬೇಕು. ಶಿಫ್ಟಿನ ಪಟ್ಟಿಯಲ್ಲಿ ಎಂಟರಿಂದ ಹನ್ನೆರಡು ಅಂಶ ಉಳಿದರೆ ನಿಮ್ಮ 20 ನಿಮಿಷದಲ್ಲಿ ಅವನ್ನು ನಿಜವಾಗಿ ನೋಡಬಹುದು. ಉಳಿದವು ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ನೋಡುವ ಪಟ್ಟಿಗಳಿಗೆ ಹೋಗಲಿ. ಕಾನೂನು ನಿಗದಿಪಡಿಸಿದ ಅಂಶಗಳನ್ನು ಮಾತ್ರ ಕಾನೂನು ಹೇಳಿದ ಅವಧಿಗೆ ತಪ್ಪದೆ ಇಡಿ.

ಆಡಿಟ್‌ನವರು ಚಿಕ್ಕ ಪಟ್ಟಿಯನ್ನು ಒಪ್ಪುವುದಿಲ್ಲ ಎಂಬ ಭಯ ಎಲ್ಲ ಕಡೆ ಕೇಳಿಬರುತ್ತದೆ. ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 9001 ಕೂಡ 2015ರ ಪರಿಷ್ಕರಣೆಯಲ್ಲಿ ಕಡ್ಡಾಯವಾಗಿದ್ದ ಗುಣಮಟ್ಟ ಕೈಪಿಡಿಯನ್ನೂ ಆರು ಲಿಖಿತ ಕಾರ್ಯವಿಧಾನಗಳನ್ನೂ ಕೈಬಿಟ್ಟಿತು. ಯಾವ ಅಂಶವನ್ನು ಏಕೆ ತೆಗೆದಿರಿ, ಎಲ್ಲಿಗೆ ಸರಿಸಿದಿರಿ ಎಂಬ ಒಂದು ಪುಟದ ಟಿಪ್ಪಣಿ ಇಟ್ಟುಕೊಳ್ಳಿ, ಅಷ್ಟು ಸಾಕು.

ಈಗ ಬಾಗಿಲಿಗೇ ಬರೋಣ, ಏಕೆಂದರೆ ಅಂಶವನ್ನು ಬರೆಯುವ ಬಗೆ ಇಲ್ಲೇ ಸ್ಪಷ್ಟವಾಗುತ್ತದೆ. ನಿಮ್ಮ ಹಾಳೆಯಲ್ಲಿ ಬಹುಶಃ 'ತುರ್ತು ಬಾಗಿಲು ಸುಸ್ಥಿತಿಯಲ್ಲಿದೆ' ಎಂದಿರುತ್ತದೆ. ಇದಕ್ಕೆ ಹತ್ತು ಮೀಟರ್ ದೂರದಿಂದಲೂ ಉತ್ತರ ಹೇಳಬಹುದು. ತುರ್ತು ಬಾಗಿಲು ಹೇಗೆಲ್ಲ ಕೈಕೊಡುತ್ತದೆ ಎಂಬುದನ್ನು ಮುಂದಿಟ್ಟುಕೊಂಡು ಅಂಶ ಬರೆಯಬೇಕು. ತಳ್ಳುವ ಅಡ್ಡಪಟ್ಟಿ ಒಳಗೆ ಹೋಗುತ್ತದೆ, ಆದರೆ ಮೇಲಿನ ಅಥವಾ ಕೆಳಗಿನ ಚಿಲಕ ತುಕ್ಕು ಹಿಡಿದು ಸರಿಯುವುದಿಲ್ಲ. ಚೌಕಟ್ಟು ತೇವಕ್ಕೆ ಉಬ್ಬಿರುತ್ತದೆ. ಕಳ್ಳತನದ ಭಯಕ್ಕೆ ಯಾರೋ ಸರಪಳಿ ಹಾಕಿರುತ್ತಾರೆ. ಬಾಗಿಲು ಹೊರಕ್ಕೆ ತೆರೆಯುವುದರಿಂದ ಹೊರಗಿಟ್ಟ ಒಂದೇ ಒಂದು ಪ್ಯಾಲೆಟ್ ಅದನ್ನು ತಡೆಯುತ್ತದೆ, ಅದು ಒಳಗಿನಿಂದ ಕಾಣುವುದೇ ಇಲ್ಲ. ಅಯಸ್ಕಾಂತದ ಬೀಗವಾದರೆ ವಿದ್ಯುತ್ ಕಡಿದಾಗ ಅದು ಬಿಡಬೇಕು. ಬಿಡುತ್ತದೆಯೇ ಎಂದು ಯಾರೂ ಕರೆಂಟ್ ತೆಗೆದು ನೋಡಿರುವುದಿಲ್ಲ.

ಆದ್ದರಿಂದ ಅಂಶವನ್ನು ಹೀಗೆ ಬರೆಯಿರಿ: 'ಅಡ್ಡಪಟ್ಟಿಯನ್ನು ಒಂದೇ ಕೈಯಿಂದ ತಳ್ಳಿ. ಬಾಗಿಲನ್ನು ಪೂರ್ತಿ 90 ಡಿಗ್ರಿ ತೆರೆಯಿರಿ. ಹೊರಗೆ ಕಾಲಿಟ್ಟು, ಹೊರಗೋಡೆಯ ಫಲಕದಲ್ಲಿರುವ ಅಂಕಿಯನ್ನು ಬರೆಯಿರಿ.' ಆ ಅಂಕಿ ಬಾಗಿಲು ತೆರೆದು ಹೊರಬಂದವರಿಗೆ ಮಾತ್ರ ಕಾಣಬೇಕು. ಪ್ರತಿದಿನ, ಬೇರೆ ಬೇರೆ ಹೊತ್ತಿನಲ್ಲಿ ಅದನ್ನು ಬದಲಾಯಿಸಿ. ಈಗ ಸುಳ್ಳು ಬರೆಯಬೇಕಾದರೆ ಅಂಕಿಯನ್ನು ಊಹಿಸಬೇಕು, ಇಲ್ಲವೇ ಬೇರೊಬ್ಬರನ್ನು ಕೇಳಬೇಕು. ಅದಕ್ಕಿಂತ ಬಾಗಿಲು ತಳ್ಳುವುದೇ ಸುಲಭ. ಮೂರು ಸಾಲಿನ ಈ ಒಂದು ಅಂಶ ಮೇಲೆ ಹೇಳಿದ ದೋಷಗಳಲ್ಲಿ ಅಯಸ್ಕಾಂತದ ಬೀಗ ಬಿಟ್ಟು ಉಳಿದೆಲ್ಲವನ್ನೂ ಹಿಡಿಯುತ್ತದೆ. ಬೀಗದ ಪರೀಕ್ಷೆಯನ್ನು ತಿಂಗಳಿಗೊಮ್ಮೆ ಅಲಾರಂ ಪರೀಕ್ಷೆಯ ಜೊತೆ ಮಾಡಿ.

ಇದೇ ಕ್ರಮವನ್ನು ಉಳಿದ ಅಂಶಗಳಿಗೂ ಹಚ್ಚಿ. ಇಂಗಾಲದ ಡೈಆಕ್ಸೈಡ್ ಸಿಲಿಂಡರಿಗೆ ಸಾಮಾನ್ಯವಾಗಿ ಒತ್ತಡದ ಮುಳ್ಳು ಇರುವುದಿಲ್ಲ, ತೂಗಿಯೇ ತಿಳಿಯಬೇಕು. 'ಸರಿ' ಎಂಬ ಚೌಕದ ಬದಲು ತೂಕದ ಕಲಂ ಇಡಿ. 4.5 ಕಿಲೋ ಅನಿಲದ ಸಿಲಿಂಡರಿನಲ್ಲಿ 450 ಗ್ರಾಂಗಿಂತ ಹೆಚ್ಚು, ಅಂದರೆ ಶೇ. 10ಕ್ಕಿಂತ ಹೆಚ್ಚು ಕಡಿಮೆಯಾಗಿದ್ದರೆ ಮತ್ತೆ ತುಂಬಿಸಬೇಕು. ಇರಬೇಕಾದ ತೂಕವನ್ನು ಹಾಳೆಯಲ್ಲಿ ಮುದ್ರಿಸಬೇಡಿ. ಅದು ಸಿಲಿಂಡರಿನ ಮೇಲೆ ಮಾತ್ರ ಇರಲಿ. ಹಾಳೆಯಲ್ಲಿ ಮಿತಿ ಕೊಟ್ಟರೆ ಓದುವವರಿಗೆ ಅನುಕೂಲ ನಿಜ, ಆದರೆ ಕುಳಿತಲ್ಲೇ ಬರೆಯುವವರಿಗೆ ಅದಕ್ಕಿಂತ ದೊಡ್ಡ ಅನುಕೂಲ. ಬರೆಯುವವರು ಹೊಸಬರಾಗಿದ್ದು ಏರುಪೇರು ಗುರುತಿಸಲಾರರು ಎಂಬ ಕಡೆ ಮಾತ್ರ ಇದಕ್ಕೆ ವಿನಾಯಿತಿ ಕೊಡಿ.

ಒಂದು ಎಚ್ಚರಿಕೆ. ಹಳೆಯ ಕಾಲದ ಕಾವಲುಗಾರರ ಗಡಿಯಾರಗಳಿಗೆ ಗಸ್ತಿನ ಪ್ರತಿ ಠಾಣೆಯಲ್ಲೂ ಸರಪಳಿಗೆ ಕಟ್ಟಿದ ಕೀಲಿ ತಿರುಗಿಸಿ ಗುರುತು ಮೂಡಿಸಬೇಕಿತ್ತು. ಅಲ್ಲಿಗೆ ಹೋಗಿದ್ದ ಎಂಬುದಕ್ಕೆ ಅದು ಸಾಕ್ಷಿ, ಅಲ್ಲಿ ಸುತ್ತ ನೋಡಿದ ಎಂಬುದಕ್ಕೆ ಸಾಕ್ಷಿಯಲ್ಲ. ಮೊಬೈಲ್ ಆಪ್, ಕ್ಯೂಆರ್ ಕೋಡ್, ಜಿಪಿಎಸ್ ಎಲ್ಲಕ್ಕೂ ಇದೇ ಮಿತಿ ಇದೆ. ಫೋಟೋ ಕಡ್ಡಾಯ ಮಾಡಿದರೆ ನಿನ್ನೆಯ ಫೋಟೋ ಮತ್ತೆ ಬರುತ್ತದೆ. ಕಾಗದದ ಪಟ್ಟಿ ಕೆಟ್ಟದಾಗಿದ್ದರೆ ಆಪ್ ಅದನ್ನು ಇನ್ನಷ್ಟು ಬೇಗ ತುಂಬಲು ನೆರವಾಗುತ್ತದೆ, ಹಾಗಾಗಿ ಆ ಖರ್ಚನ್ನು ಸದ್ಯಕ್ಕೆ ಮುಂದಕ್ಕೆ ಹಾಕಿ. ಖರ್ಚಿಲ್ಲದ ಒಂದು ಉಪಾಯ ಜಪಾನಿನ ರೈಲ್ವೆಯಿಂದ ಬಂದಿದೆ: ಸಿಗ್ನಲ್ಲನ್ನು ಬೆರಳಿನಿಂದ ತೋರಿಸಿ, ಅದರ ಸ್ಥಿತಿಯನ್ನು ಗಟ್ಟಿಯಾಗಿ ಹೇಳುವುದು. ಕಣ್ಣು, ಕೈ, ಬಾಯಿ ಮೂರೂ ಒಂದೇ ವಸ್ತುವಿನ ಮೇಲಿದ್ದಾಗ ಮನಸ್ಸು ತಪ್ಪಿಸಿಕೊಳ್ಳುವುದು ಕಷ್ಟ. ಇದನ್ನು ಎರಡು-ಮೂರು ಅತಿ ಮುಖ್ಯ ಅಂಶಗಳಿಗೆ ಮಾತ್ರ ಇಡಿ, ಎಲ್ಲಕ್ಕೂ ಹಚ್ಚಿದರೆ ಅದೂ ಶಾಸ್ತ್ರಕ್ಕೆ ಮಾಡಿದಂತಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು 'ಸರಿ ಇಲ್ಲ' ಎಂಬ ಉತ್ತರ. ಅದನ್ನು ಬರೆದವನ ಕೆಲಸ ಅಲ್ಲಿಗೇ ಮುಗಿಯಬೇಕು. ಒಂದು ಸಾಲು ಬರೆದು ಹಾಳೆಯನ್ನು ಮೇಲ್ವಿಚಾರಕರ ಕೈಗೆ ಕೊಟ್ಟರೆ ಮುಂದಿನ ಫೋನ್, ಫಾರಂ, ಬೆನ್ನುಹತ್ತುವಿಕೆ ಎಲ್ಲ ಮೇಲ್ವಿಚಾರಕರದು. ಏನಾಯಿತು ಎಂಬ ಉತ್ತರ 24 ಗಂಟೆಯೊಳಗೆ ಬರೆದವನಿಗೆ ತಲುಪಬೇಕು. ಸರಿಪಡಿಸಲು ಆಗದಿದ್ದರೂ 'ಬಿಡಿಭಾಗ ಗುರುವಾರ ಬರುತ್ತದೆ, ಅಲ್ಲಿಯವರೆಗೆ ಪಕ್ಕದ ಬಾಗಿಲು ಬಳಸಿ' ಎಂಬಷ್ಟಾದರೂ ತಿಳಿಸಿ. ಬರೆದ ಮೂರು ದೋಷಗಳಿಗೆ ಉತ್ತರ ಬಾರದಿದ್ದರೆ ನಾಲ್ಕನೆಯದು ಬರೆಯಲ್ಪಡುವುದಿಲ್ಲ.

'ಸರಿ', 'ಸರಿ ಇಲ್ಲ' ಎರಡರ ಜೊತೆಗೆ 'ನೋಡಲಾಗಲಿಲ್ಲ' ಎಂಬ ಮೂರನೇ ಚೌಕ ಕಡ್ಡಾಯವಾಗಿ ಇರಬೇಕು. ಈಗಿನ ಹಾಳೆಯಲ್ಲಿ ಸಮಯ ಸಿಗದವನಿಗೆ ಪ್ರಾಮಾಣಿಕವಾಗಿ ಹೇಳಲು ಜಾಗವೇ ಇಲ್ಲ. ಮೊದಲ ತಿಂಗಳು 'ನೋಡಲಾಗಲಿಲ್ಲ' ರಾಶಿ ರಾಶಿಯಾಗಿ ಬಂದರೆ ಗಾಬರಿಯಾಗಬೇಡಿ, ಯಾರನ್ನೂ ಬೈಯಬೇಡಿ. ನಿಮ್ಮ ಘಟಕದ ಬಗ್ಗೆ ಮೂರು ತಿಂಗಳಲ್ಲಿ ಸಿಕ್ಕ ಮೊದಲ ನಿಜ ಅದು. ಯಾವ ಶಿಫ್ಟಿನಲ್ಲಿ, ಯಾವ ಅಂಶಕ್ಕೆ ಅದು ಹೆಚ್ಚು ಬರುತ್ತದೆ ಎಂದು ನೋಡಿದರೆ ಜನ ಎಲ್ಲಿ ಕಡಿಮೆ, ಸಮಯ ಎಲ್ಲಿ ಸಾಲದು ಎಂಬುದು ಗೊತ್ತಾಗುತ್ತದೆ.

ಎರಡನೇ ಸಹಿಯ ವಿಷಯ. ಮೊದಲನೆಯವನು ಎರಡನೆಯವನು ನೋಡುತ್ತಾನೆಂದು ಬಿಡುತ್ತಾನೆ, ಎರಡನೆಯವನು ಮೊದಲನೆಯವನು ನೋಡಿದ್ದಾನೆಂದು ಬಿಡುತ್ತಾನೆ. ಆಸ್ಪತ್ರೆಗಳಲ್ಲಿ ಅಪಾಯಕಾರಿ ಔಷಧಗಳಿಗೆ ಇಬ್ಬರ ತಪಾಸಣೆ ಇರುತ್ತದೆ. ಅದು ಫಲಿಸುವುದು ಎರಡನೆಯವರು ಮೊದಲಿನವರ ಉತ್ತರ ನೋಡದೆ ಪ್ರಮಾಣವನ್ನು ತಾವೇ ಲೆಕ್ಕ ಹಾಕಿದಾಗ ಮಾತ್ರ. ತುಂಬಿದ ಹಾಳೆಯ ಕೆಳಗೆ ಹಾಕುವ ಸಹಿಗೆ ಆ ಗುಣವಿಲ್ಲ. ಮೇಲ್ವಿಚಾರಕರನ್ನು ಸೇರಿಸಲೇಬೇಕೆಂದರೆ ಸಹಿ ಬಿಟ್ಟು, ಪ್ರತಿ ಶಿಫ್ಟಿನಲ್ಲಿ ಪಟ್ಟಿಯ ಯಾವುದಾದರೂ ಎರಡು ಅಂಶಗಳನ್ನು ಚೀಟಿ ಎತ್ತಿ ಆರಿಸಿ, ಖಾಲಿ ಹಾಳೆಯೊಂದಿಗೆ ತಾವೇ ಹೋಗಿ ನೋಡಿ ಬರಲಿ. ಆಮೇಲೆ ಎರಡು ಹಾಳೆಗಳನ್ನು ಹೋಲಿಸಿ. ಐದು ನಿಮಿಷದ ಕೆಲಸ. ಮಾಸಿಕ ವರದಿಗೆ ಹೇಳಿದ ಮೂರನೇ ಅಳತೆಗೆ ಬೇಕಾದ ಅಂಕಿಯೂ ಇದರಿಂದಲೇ ಸಿಗುತ್ತದೆ.

ಕೊನೆಗೆ ಆ ಟಿಕ್ ಹಾಕಿದವನ ವಿಷಯ. ಕ್ರಮದ ಮಾತಿಗೆ ಮುಂಚೆ ಅದೇ ದಿನದ ಉಳಿದ ಎರಡು ಶಿಫ್ಟುಗಳ ಹಾಳೆ ತೆಗೆಯಿರಿ, ಹಿಂದಿನ ವಾರದ್ದನ್ನೂ ತೆಗೆಯಿರಿ. ಚಿಲಕ ತುಕ್ಕು ಹಿಡಿದಿದ್ದರೆ ಅದು ಒಂದು ರಾತ್ರಿಯಲ್ಲಿ ಆದದ್ದಲ್ಲ. ಎಷ್ಟು ಜನ, ಎಷ್ಟು ಶಿಫ್ಟುಗಳಲ್ಲಿ ಅದೇ ಬಾಗಿಲಿಗೆ ಟಿಕ್ ಹಾಕಿದ್ದಾರೆ ಎಂದು ಎಣಿಸಿ. ಎಲ್ಲರೂ ಹಾಕಿದ್ದರೆ, ಸಿಕ್ಕಿಬಿದ್ದ ಒಬ್ಬನನ್ನು ಶಿಕ್ಷಿಸುವುದು ಅನ್ಯಾಯ. ಅದರಿಂದ ಉಳಿದವರು ಕಲಿಯುವುದು ಸಿಕ್ಕಿಬೀಳದಂತೆ ಬರೆಯುವುದನ್ನು. ಅವನನ್ನು ಕೋಣೆಗೆ ಕರೆಸಿ ವಿಚಾರಿಸುವ ಬದಲು ನಾಳೆ ಬೆಳಿಗ್ಗೆ ಅವನ ಜೊತೆ ಪಾಳಿಯ ಸುತ್ತು ಹೋಗಿ. 'ಈ 64ರಲ್ಲಿ ನಿಜವಾಗಿ ನೋಡಬೇಕಾದವು ಯಾವುವು, ನೋಡಲು ಏನು ಅಡ್ಡ ಬರುತ್ತದೆ' ಎಂದು ಕೇಳಿ, ಅವನು ಹೇಳಿದ್ದನ್ನು ನೀವು ಬರೆದುಕೊಳ್ಳಿ. ಪಟ್ಟಿ ಕತ್ತರಿಸುವ ಅರ್ಧ ದಿನದ ಸಭೆಗೆ ಬೇಕಾದ ಇಬ್ಬರು ಕಾರ್ಮಿಕರಲ್ಲಿ ಒಬ್ಬ ಅವನೇ ಆಗಲಿ.